ಯಾವ ‘ಇವತ್ತು’?

ಓದುಗರ ಪತ್ರ: “ನಿಮ್ಮ ಆಟದ ಪ್ರಶ್ನೋತ್ತರದಲ್ಲಿ 2018ರ ಉತ್ತರವೊಂದನ್ನು ನಂಬಿ ನನ್ನ ಮಗಳು ಪೋಕೆಮಾನ್ ಗೋ ಮೊಬೈಲ್ ಆಟದಲ್ಲಿ ಕೂಡಿಸಿಟ್ಟ 100 ಕ್ಯಾಂಡಿ ಖರ್ಚು ಮಾಡಿದಳು. ಚಾರ್ಮೀಲಿಯನ್ ಅನ್ನೋ ಪೋಕೆಮಾನ್ ಪ್ರಾಣಿಯನ್ನು ಇವಾಲ್ವ್ ಮಾಡಿದರೆ, ಅಂದರೆ ಮುಂದಿನ ರೂಪಕ್ಕೆ ಬೆಳೆಸಿದರೆ, ಬ್ಲಾಸ್ಟ್ ಬರ್ನ್ ಅನ್ನೋ ಮೂವ್ (ದಾಳಿಯ ಪಟ್ಟು) ಸಿಗುತ್ತೆ ಅಂತ ಬರೆದಿದ್ದಿರಿ. ಮುಂದಿನ ರೂಪ ಚಾರಿಜಾರ್ಡ್ ಬಂತು, ಆ ಮೂವ್ ಬರಲಿಲ್ಲ. ಹಳೇ ಪಂಚಾಂಗ ನೋಡಿ ಮುಹೂರ್ತ ಇಟ್ಟ ಹಾಗಾಯ್ತು. ಮುಗಿದುಹೋದ ಈವೆಂಟ್‌ಗಳ ಪ್ರಶ್ನೋತ್ತರ ಎಲ್ಲ ತೆಗೆದುಹಾಕಿ.” – ಒಬ್ಬ ಓದುಗರು, ದಾವಣಗೆರೆ

ಸಂಪಾದಕರ ಉತ್ತರ:

ನಮಸ್ಕಾರ. ಮೊದಲು ನಿಮ್ಮ ಮಗಳಲ್ಲಿ ಕ್ಷಮೆ ಕೇಳುತ್ತೇನೆ. 100 ಕ್ಯಾಂಡಿ ಕೂಡಿಸೋಕೆ ಎಷ್ಟು ಅಲೆದಾಡಬೇಕು ಅನ್ನೋದು ಆಡುವವರಿಗೇ ಗೊತ್ತು.

ಪತ್ರ ಬಂದ ದಿನವೇ ಆ ಉತ್ತರ ಹುಡುಕಿ ಓದಿದೆ. ಮಾಹಿತಿ ಸರಿಯಾಗಿಯೇ ಇದೆ. 2018ರ ಮೇ 19ರ ಕಮ್ಯುನಿಟಿ ಡೇ, ಅಂದರೆ ಒಂದು ಪೋಕೆಮಾನ್‌ಗಾಗಿ ಕೆಲವೇ ಗಂಟೆ ನಡೆಯುವ ಈವೆಂಟ್, ಚಾರ್ಮೀಲಿಯನ್‌ನ ಮೊದಲ ರೂಪವಾದ ಚಾರ್ಮ್ಯಾಂಡರ್‌ಗೆ ಮೀಸಲಾಗಿತ್ತು. ಈವೆಂಟ್ ಹೊತ್ತಿನಲ್ಲಿ ಇವಾಲ್ವ್ ಮಾಡಿದವರಿಗೆ ಬ್ಲಾಸ್ಟ್ ಬರ್ನ್ ಸಿಕ್ಕಿತು. ಆದರೆ ನಾವು ಬರೆದದ್ದು “ಇವತ್ತು ಇವಾಲ್ವ್ ಮಾಡಿದರೆ ಸಾಕು” ಅಂತ. ಯಾವ ಇವತ್ತು? ತಾರೀಖು ಪುಟದ ಕೆಳಗೆಲ್ಲೋ ಸಣ್ಣ ಅಕ್ಷರದಲ್ಲಿದೆ. ಮಗುವಿಗೆ ಅದು ಕಾಣಬೇಕಿತ್ತು ಅಂತ ನಾನು ಹೇಳಲಾರೆ. ತಪ್ಪು ನಮ್ಮದೇ.

ಆದರೂ ತೆಗೆದುಹಾಕುವುದಕ್ಕೆ ನನ್ನ ಒಪ್ಪಿಗೆ ಇಲ್ಲ. ಮುಗಿಯಿತು ಅಂದುಕೊಂಡದ್ದು ಈ ಆಟದಲ್ಲಿ ತಿರುಗಿ ಬರುತ್ತದೆ. ಆ ವರ್ಷದ ಕಮ್ಯುನಿಟಿ ಡೇ ಮೂವ್‌ಗಳನ್ನು ಡಿಸೆಂಬರ್ ಹೊತ್ತಿಗೆ ಒಂದು ವಾರಾಂತ್ಯ ಮತ್ತೆ ಕೊಟ್ಟರು. 2020ರಲ್ಲಿ ಎಲೀಟ್ ಚಾರ್ಜ್ಡ್ ಟಿಎಂ ಅನ್ನೋ, ಬೇಕಾದ ಮೂವ್ ಆರಿಸಿ ಕಲಿಸುವ ಸಾಧನ ಆಟದೊಳಗೆ ಬಂತು, ಈವೆಂಟ್ ಇಲ್ಲದಾಗಲೂ ಆ ಮೂವ್ ಕಲಿಸಲು ದಾರಿಯಾಯಿತು. 2018ರ ಜೂನ್‌ನಲ್ಲಿ ನಾವು “ಇನ್ನು ಸಿಗೋದೇ ಇಲ್ಲ” ಅಂತ ತಿದ್ದಿದ್ದರೆ, ಆ ತಿದ್ದುಪಡಿಯೇ ಸುಳ್ಳಾಗುತ್ತಿತ್ತು. ಕಮ್ಯುನಿಟಿ ಡೇ ಎಷ್ಟು ಗಂಟೆ ಅಂತ ಕೇಳಿದರೂ ಅಷ್ಟೇ. 2018ರಲ್ಲಿ ಮೂರು, ಕೊರೊನಾ ಕಾಲಕ್ಕೆ ಆರು, 2022ರ ಏಪ್ರಿಲ್‌ನಿಂದ ಮತ್ತೆ ಮೂರು. ಪಕ್ಕದಲ್ಲಿ ತಾರೀಖು ಇದ್ದರೆ ಮೂರೂ ಉತ್ತರ ಸರಿ.

ಮತ್ತೆ ಬಾರದ ಈವೆಂಟ್‌ಗಳ ಪ್ರಶ್ನೆಗಳು ನನಗೆ ಇನ್ನೂ ಜಾಸ್ತಿ ಬೆಲೆಯವು. 2019ರ ಅಕ್ಟೋಬರ್ 13ರಂದು ಫೋರ್ಟ್‌ನೈಟ್ ಆಟ ನಡೆಯುವ ಇಡೀ ದ್ವೀಪವನ್ನು ಕಪ್ಪು ಕುಳಿ ನುಂಗಿತು. ಸುಮಾರು ಎರಡು ದಿನ ಪರದೆಯ ಮೇಲೆ ಅದೊಂದೇ. “ನನ್ನ ಗೇಮ್ ಹಾಳಾಯ್ತಾ?” ಅಂತ ಅವತ್ತು ಕೇಳಿದವರ ಗಾಬರಿ ಇವತ್ತು ಆಟದೊಳಗೆ ಎಲ್ಲೂ ಸಿಗುವುದಿಲ್ಲ, ಅಲ್ವಾ? 2005ರಲ್ಲಿ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಅನ್ನೋ ಆನ್‌ಲೈನ್ ಆಟದಲ್ಲಿ ‘ಕರಪ್ಟೆಡ್ ಬ್ಲಡ್’ ಅನ್ನೋ ಕಾಲ್ಪನಿಕ ರೋಗ ಆಟದೊಳಗಿನ ಸಾಕುಪ್ರಾಣಿಗಳ ಮೂಲಕ ಆಟದ ಊರೂರಿಗೆ ಹಬ್ಬಿತು. ಕಂಪನಿ ಅದನ್ನು ಆಟದಿಂದ ಅಳಿಸಿತು. ಎರಡು ವರ್ಷದ ಮೇಲೆ ಸಾಂಕ್ರಾಮಿಕ ರೋಗಗಳ ಸಂಶೋಧಕರು ಅದೇ ಘಟನೆ ಹಿಡಿದು ವೈದ್ಯಕೀಯ ಪತ್ರಿಕೆಗಳಲ್ಲಿ ಲೇಖನ ಬರೆದರು. ಜನ ಏನು ಮಾಡಿದರು, ಏನು ಹೇಳಿಕೊಂಡರು ಅನ್ನೋದು ಎಲ್ಲಾದರೂ ಉಳಿದಿರಬೇಕು.

ಹಾಗಾಗಿ ಈ ವಾರದಿಂದ ಹಳೇ ಉತ್ತರಗಳನ್ನು ಒಂದೊಂದಾಗಿ ತೆಗೆದು ನೋಡುತ್ತಿದ್ದೇವೆ. ಮೊದಲ ಸಾಲಿನಲ್ಲೇ ಈವೆಂಟ್‌ನ ತಾರೀಖು, ಅದರ ಪಕ್ಕ ದಪ್ಪಕ್ಷರದಲ್ಲಿ ‘ಮುಗಿದಿದೆ’. ‘ಇವತ್ತು’, ‘ಈ ವಾರ’ ಇದ್ದಲ್ಲೆಲ್ಲ ತಾರೀಖು. ಈವೆಂಟ್ ಮರಳಿ ಬಂದರೆ ಹಳೆಯದನ್ನು ತಿದ್ದುವುದಿಲ್ಲ, ಅದರ ಕೆಳಗೇ ಹೊಸ ಉತ್ತರ ಬರೆಯುತ್ತೇವೆ. “ಈಗ ಸರ್ವರ್ ಡೌನಾ?” ಅನ್ನುವಂಥವನ್ನು ಮಾತ್ರ ತೆಗೆಯುತ್ತೇವೆ. ಅವನ್ನು ಸುಮ್ನೆ ಇಟ್ಟುಕೊಂಡು ಯಾರಿಗೂ ಉಪಯೋಗವಿಲ್ಲ.

ಮಗಳಿಗೆ ಒಂದು ಮಾತು ಹೇಳಿ. ಆ ಚಾರಿಜಾರ್ಡ್ ಅನ್ನು ಬೇಸರದಲ್ಲಿ ಟ್ರಾನ್ಸ್‌ಫರ್ ಮಾಡಿ ಕೈಬಿಡೋದು ಬೇಡ. ಮಾಮೂಲಿ ಚಾರ್ಜ್ಡ್ ಟಿಎಂ ಹಾಕಿ ನೋಡೋದೂ ಬೇಡ, ಅದರಿಂದ ಬ್ಲಾಸ್ಟ್ ಬರ್ನ್ ಬರುವುದಿಲ್ಲ. ಎಲೀಟ್ ಟಿಎಂ ಕೈಗೆ ಸಿಕ್ಕ ದಿನ ಅದೇ ಚಾರಿಜಾರ್ಡ್‌ಗೆ ಕಲಿಸಬಹುದು.