ಕ್ಯಾಥ್ ಲ್ಯಾಬ್ ಸಿಬ್ಬಂದಿ ಧರಿಸುವ ಡೋಸಿಮೀಟರ್‌ಗೆ ಫೋಟೋಡಯೋಡ್ ಒಳ್ಳೆಯದೋ, ಗೈಗರ್ ಟ್ಯೂಬ್ ಒಳ್ಳೆಯದೋ?

ಎಕ್ಸ್-ರೇಯಲ್ಲಿ ನೋಡುತ್ತಾ ಹೃದಯದ ರಕ್ತನಾಳಗಳಿಗೆ ಚಿಕಿತ್ಸೆ ಮಾಡುವ ಕೋಣೆ ಕ್ಯಾಥ್ ಲ್ಯಾಬ್; ಅಲ್ಲಿನವರ ಮೈಗೆ ತಾಗುವ ವಿಕಿರಣದ ಪ್ರಮಾಣವನ್ನು, ಅಂದರೆ ಡೋಸನ್ನು, ಅಳೆಯುವುದು ಡೋಸಿಮೀಟರ್. ಅದರೊಳಗೆ ವಿಕಿರಣವನ್ನು ಗುರುತಿಸಲು ಅರೆವಾಹಕದ ಫೋಟೋಡಯೋಡನ್ನೋ ಅನಿಲ ತುಂಬಿದ ಗೈಗರ್ ಟ್ಯೂಬನ್ನೋ ಬಳಸಬಹುದು. ಎಂಟು ವರ್ಷಗಳ ಹಿಂದೆ ಎಂ.ಟೆಕ್. ಪ್ರಾಜೆಕ್ಟಿಗೆಂದು ಇದೇ ಪ್ರಶ್ನೆ ಹಿಡಿದು ಹೊರಟಿದ್ದ ನಾನು, ಅಗ್ಗವಾಗಿ ಸಿಗುವ ಬಿಪಿಡಬ್ಲ್ಯೂ34 ಸಿಲಿಕಾನ್ ಫೋಟೋಡಯೋಡನ್ನು ಆರಿಸಿಕೊಂಡೆ. ಬೆಳಕು ತಾಗದಂತೆ ಕಪ್ಪು ಟೇಪು ಸುತ್ತಿ, ಆಂಪ್ಲಿಫಯರ್ ಜೋಡಿಸಿ, ಗಾಮಾ ಕಿರಣ ಸೂಸುವ ಸೀಸಿಯಂ-137ರ ಮುಂದಿಟ್ಟು ಎಣಿಕೆಯನ್ನು ಡೋಸಿನ ಮಾನವಾದ ಮೈಕ್ರೋಸೀವರ್ಟ್‌ಗೆ ಹೊಂದಿಸಿದೆ. ದೂರವನ್ನು ಇಮ್ಮಡಿಸಿದರೆ ಅಳತೆ ನಿರೀಕ್ಷೆಯಂತೆಯೇ ಕಾಲುಭಾಗಕ್ಕೆ ಇಳಿಯುತ್ತಿತ್ತು. ಅಷ್ಟಕ್ಕೇ ಕೆಲಸ ಮುಗಿಯಿತೆಂದು ನಂಬಿದೆ.

ತಪ್ಪಾದದ್ದು ಅಲ್ಲಿಯೇ. ಸೀಸಿಯಂನ ಗಾಮಾ ಕಿರಣದ ಶಕ್ತಿ 662 ಕೆಇವಿ (ಕಿಲೋ ಎಲೆಕ್ಟ್ರಾನ್ ವೋಲ್ಟ್). ಕ್ಯಾಥ್ ಲ್ಯಾಬ್‌ನಲ್ಲಿ ರೋಗಿಯ ಮೈಯಿಂದ ಚದುರಿ ಸಿಬ್ಬಂದಿಯನ್ನು ತಲುಪುವ ಎಕ್ಸ್-ರೇಯ ಶಕ್ತಿ ಬಹುಪಾಲು 100 ಕೆಇವಿಗಿಂತ ಕಡಿಮೆ. ಈ ಕೆಳಮಟ್ಟದಲ್ಲಿ ವಸ್ತುವಿನ ಪರಮಾಣು ಸಂಖ್ಯೆ ಹೆಚ್ಚಿದಂತೆ ಅದು ಕಿರಣವನ್ನು ಹೀರುವ ಪ್ರಮಾಣ ಬಹಳ ವೇಗವಾಗಿ ಏರುತ್ತದೆ. ಸಿಲಿಕಾನಿನ ಸಂಖ್ಯೆ 14. ನಮ್ಮ ಅಂಗಾಂಶದ್ದು ಸರಾಸರಿ ಏಳೂವರೆಯ ಆಸುಪಾಸು. ಹೀಗಾಗಿ, ಎಣಿಕೆಯನ್ನು ಡೋಸಿಗೆ ಬದಲಿಸಲು ಬಳಸಿದ, ಸೀಸಿಯಂನಲ್ಲಿ ಸರಿಯಾಗಿದ್ದ ನನ್ನ ಗುಣಾಂಕವೇ ಇಲ್ಲಿ ಡೋಸನ್ನು ಹಲವು ಪಟ್ಟು ಹಿಗ್ಗಿಸಿತು. ಟೆಕ್ನಿಶಿಯನ್ ಒಬ್ಬರು ನನ್ನ ಉಪಕರಣವನ್ನು ಲೆಡ್ ಏಪ್ರನ್ನಿನ ಒಳಗೆ, ತಮ್ಮ ಟಿಎಲ್‌ಡಿ ಬ್ಯಾಡ್ಜಿನ (ಡೋಸನ್ನು ಕೂಡಿಟ್ಟುಕೊಂಡು, ಆಮೇಲೆ ಪ್ರಯೋಗಾಲಯದಲ್ಲಿ ಓದಿಸುವ ಬ್ಯಾಡ್ಜ್) ಪಕ್ಕದಲ್ಲೇ ಮೂರು ತಿಂಗಳು ಧರಿಸಿದ್ದರು. ಬ್ಯಾಡ್ಜಿನ ವರದಿ ಬಂದಾಗ ನನ್ನ ಅಂಕಿ ಅದರ ಆರರಷ್ಟಿತ್ತು. ಅಷ್ಟೂ ದಿನ ಅವರು ಆ ಅಂಕಿ ನೋಡಿ ಹೆದರಿಕೊಂಡೇ ಕೆಲಸ ಮಾಡಿದ್ದರೆಂಬುದು ನನ್ನನ್ನು ಈಗಲೂ ಕಾಡುತ್ತದೆ.

ಆಮೇಲೆ ವಿಕಿರಣ ಸುರಕ್ಷತಾಧಿಕಾರಿಗಳು ಹಳೆಯ ಬ್ಯಾಡ್ಜೊಂದನ್ನು ಬಿಚ್ಚಿ ತೋರಿಸಿದರು. ಒಳಗೆ ಮೂರು ಬಿಳಿ ಬಿಲ್ಲೆಗಳು. ಒಂದರ ಮೇಲೆ ತಾಮ್ರ ಮತ್ತು ಅಲ್ಯೂಮಿನಿಯಂ ತಗಡು, ಇನ್ನೊಂದರ ಮೇಲೆ ಪ್ಲಾಸ್ಟಿಕ್, ಮೂರನೆಯದು ಬರಿದು. ಬಿಲ್ಲೆಯಲ್ಲಿರುವ ಕ್ಯಾಲ್ಸಿಯಂ ಸಲ್ಫೇಟ್ ಕೂಡ ಕಡಿಮೆ ಶಕ್ತಿಯಲ್ಲಿ ಅತಿಯಾಗಿ ಸ್ಪಂದಿಸುವಂಥದ್ದೇ. ಮೂರರ ಅಳತೆಗಳ ಅನುಪಾತದಿಂದ ಕಿರಣದ ಶಕ್ತಿಯನ್ನು ಅಂದಾಜಿಸಿ ಡೋಸನ್ನು ತಿದ್ದುತ್ತಾರೆ.

ಆದ್ದರಿಂದ ಡಯೋಡೋ ಟ್ಯೂಬೋ ಎಂಬುದನ್ನು ಬದಿಗಿಡಿ. ಲೋಹದ ಫಿಲ್ಟರ್ ಇಲ್ಲದಿದ್ದರೆ ಗೈಗರ್ ಟ್ಯೂಬ್‌ಗೂ ಇದೇ ದೋಷವಿದೆ. ಮೊದಲು ಎರಡು-ಮೂರು ಎಕ್ಸ್-ರೇ ಶಕ್ತಿಗಳಲ್ಲಿ, ಉಪಕರಣದ ಹಿಂದೆ 30×30×15 ಸೆಂಟಿಮೀಟರ್ ಅಳತೆಯ ನೀರಿನ ಫ್ಯಾಂಟಮ್ (ಮನುಷ್ಯನ ಮುಂಡಕ್ಕೆ ಬದಲಾಗಿ ಇಡುವ ನೀರು ತುಂಬಿದ ಪೆಟ್ಟಿಗೆ) ಇಟ್ಟು ಪರೀಕ್ಷಿಸಿ, ಏಕೆಂದರೆ ಧರಿಸಿದವರ ಮೈಯಿಂದ ಮರಳುವ ಕಿರಣವೂ ಅಳತೆಗೆ ಸೇರುತ್ತದೆ. ಕ್ಯಾಥ್ ಲ್ಯಾಬಿನ ಎಕ್ಸ್-ರೇ ಕೆಲವೇ ಮಿಲಿಸೆಕೆಂಡುಗಳ ಮಿಡಿತಗಳಾಗಿ ಬರುವುದರಿಂದ, ಒಂದರ ಮೇಲೊಂದು ಬಿದ್ದ ಎಣಿಕೆಗಳು ತಪ್ಪಿಹೋಗುವುದನ್ನೂ ನೋಡಿಕೊಳ್ಳಿ. ಇನ್ನೊಂದು ಮಾತು: ಟಿಎಲ್‌ಡಿಗೆ ಬದಲಿಯನ್ನು ಮಾಡಲು ಹೋಗಬೇಡಿ. ಮೂರು ತಿಂಗಳ ನಂತರ ವರದಿ ಕೊಡುವ ಬ್ಯಾಡ್ಜಿಗೆ ಆಗದ ಕೆಲಸವನ್ನು, ಅಂದರೆ ಸೀಸದ ಪರದೆ ಸರಿದಿರುವುದನ್ನು ಆ ಕ್ಷಣದಲ್ಲೇ ಎಚ್ಚರಿಸುವ ಕೆಲಸವನ್ನು, ನಿಮ್ಮ ಉಪಕರಣಕ್ಕೆ ಕೊಡಿ.