ಅಮೆರಿಕದ ಕಾಲೇಜುಗಳಲ್ಲಿ ವೆಸ್ಟರ್ನ್ (ಕೌಬಾಯ್ ಶೈಲಿಯ) ಕುದುರೆ ಸವಾರಿ ಕೋಚ್ ಆಗಿರುವವರ ಕೆಲಸವೇನು?

ಬರೀ ಸವಾರಿ ಕಲಿಸುವುದು ಅಂದುಕೊಂಡರೆ ತಪ್ಪು. ಇಲ್ಲಿನ ವಿಚಿತ್ರ ಏನೆಂದರೆ, ಸ್ಪರ್ಧೆಯಲ್ಲಿ ಸವಾರರಿಗೆ ಸ್ವಂತ ಕುದುರೆ ಇರುವುದಿಲ್ಲ. 1967ರಲ್ಲಿ ಬಾಬ್ ಕಾಚಿಯೋನೆ ಹುಟ್ಟುಹಾಕಿದ ಅಂತರ ಕಾಲೇಜು ಕುದುರೆ ಸವಾರಿ ಸಂಘದ (ಐಎಚ್‌ಎಸ್‌ಎ) ಕೂಟಗಳಲ್ಲಿ ಚೀಟಿ ಎತ್ತಿ ಕುದುರೆ ಹಂಚುತ್ತಾರೆ. ಅಭ್ಯಾಸಕ್ಕೂ ಅವಕಾಶವಿಲ್ಲದೆ ಅಖಾಡಕ್ಕೆ ಇಳಿಯಬೇಕು. ಹಾಗಾಗಿ ಕೋಚ್ ಮುಖ್ಯವಾಗಿ ಕಲಿಸುವುದು ಗುರುತಿಲ್ಲದ ಕುದುರೆಯ ಸ್ವಭಾವವನ್ನು ಕ್ಷಣಾರ್ಧದಲ್ಲಿ ಓದುವುದನ್ನು. ನನ್ನ ಪ್ರಕಾರ ಈ ವೃತ್ತಿಯ ನಿಜವಾದ ಕಸುಬು ಇದೇ.

ರಾಷ್ಟ್ರೀಯ ಕಾಲೇಜು ಕುದುರೆ ಸವಾರಿ ಸಂಘ (ಎನ್‌ಸಿಇಎ) ನಡೆಸುವ ಮಹಿಳೆಯರ ಪಂದ್ಯಗಳು ಸ್ವಲ್ಪ ಬೇರೆ. ಎರಡು ತಂಡಗಳ ಇಬ್ಬರು ಒಂದೇ ಕುದುರೆಯನ್ನು ಒಬ್ಬರಾದ ಮೇಲೊಬ್ಬರು ಓಡಿಸುತ್ತಾರೆ, ಪರಿಚಯಕ್ಕೆ ಸಿಗುವುದು 4 ನಿಮಿಷ. ಹೆಚ್ಚು ಅಂಕ ಪಡೆದವರ ತಂಡಕ್ಕೆ ಒಂದು ಪಾಯಿಂಟ್. ವೆಸ್ಟರ್ನ್ ಭಾಗದಲ್ಲಿ ಹಾರ್ಸ್‌ಮನ್‌ಶಿಪ್ (ಸವಾರರ ಭಂಗಿ, ಹಿಡಿತ ನೋಡುವುದು) ಮತ್ತು ರೈನಿಂಗ್ (ಗೊತ್ತುಪಡಿಸಿದ ಕ್ರಮದಲ್ಲಿ ಕುದುರೆಯ ಚಲನೆಗಳನ್ನು ಮಾಡಿಸುವುದು) ಎಂಬ ಎರಡು ಸ್ಪರ್ಧೆಗಳಿವೆ. ರೈನಿಂಗ್‌ನಲ್ಲಿ ಲೆಕ್ಕ 70ರಿಂದ ಶುರು; ಗಿರಗಿರನೆ ಸುತ್ತುವುದು, ಓಟದಿಂದ ಜಾರಿ ನಿಲ್ಲುವುದು ಇತ್ಯಾದಿ ಪ್ರತಿ ಚಲನೆಗೂ ಅರ್ಧರ್ಧ ಅಂಕದ ಲೆಕ್ಕದಲ್ಲಿ ಗರಿಷ್ಠ ಒಂದೂವರೆ ಕೂಡಬಹುದು, ಕಳೆಯಲೂಬಹುದು.

ಬಹಳಷ್ಟು ಕೋಚ್‌ಗಳು ಹಿಂದೆ ಕಾಲೇಜು ತಂಡದಲ್ಲೇ ಸವಾರರಾಗಿದ್ದವರು. ಸಹಾಯಕ ಕೋಚ್ ಆಗಿ ಸೇರಿ ಮೇಲೇರುತ್ತಾರೆ. ಹೈಸ್ಕೂಲಿನಿಂದ ಪ್ರತಿಭೆ ಹುಡುಕುವುದು, ದಾನವಾಗಿ ಬರುವ ಕುದುರೆಗಳನ್ನು ಪರೀಕ್ಷಿಸುವುದು, ಲಾಯದ ಖರ್ಚು, ವಿದ್ಯಾರ್ಥಿಗಳ ಹಾಜರಿ, ಎಲ್ಲವೂ ಅವರ ತಲೆಯ ಮೇಲೆ. ಕುಂಟುವ ಕುದುರೆಯನ್ನು ಪಂದ್ಯದ ಬೆಳಿಗ್ಗೆ ಹೊರಗಿಡುವ ಕಹಿ ನಿರ್ಧಾರ ಕೂಡ.