ದಡದಲ್ಲಿ ಬಿಟ್ಟ ಸಿಗರೇಟು ದೋಣಿಯಲ್ಲಿ ಮತ್ತೆ ಕೈಗೆ ಬಂದಾಗ

ಪ್ರಶ್ನೆ: ನನಗೆ 41 ವರ್ಷ. ಕಾರವಾರದ ಬೈತಖೋಲ ಬಂದರಿನಲ್ಲಿ ಟ್ರಾಲ್ ದೋಣಿಯೊಂದರಲ್ಲಿ ದುಡಿಯುತ್ತೇನೆ. ಇಪ್ಪತ್ತು ವರ್ಷ ಸೇದಿದ ಸಿಗರೇಟನ್ನು ಈ ಸಲ ಮೀನುಗಾರಿಕೆ ನಿಷೇಧ ಶುರುವಾದ ಜೂನ್ 1ರಂದು, ಹೆಂಡತಿಯ ಒತ್ತಾಯಕ್ಕೆ ಮಗಳ ತಲೆ ಮುಟ್ಟಿ ಆಣೆ ಮಾಡಿ ಬಿಟ್ಟೆ. ಜೊತೆಯಲ್ಲಿ ಭಾವನವರೂ ಬಿಟ್ಟರು. ಆಗಸ್ಟ್‌ನಲ್ಲಿ ಕಡಲಿಗೆ ಇಳಿದ ಎರಡನೇ ವಾರ ಜೊತೆಗಾರ ಕೊಟ್ಟ ಒಂದನ್ನು ಸೇದಿದೆ. ಈಗ ದೋಣಿಯಲ್ಲಿ ದಿನಕ್ಕೆ ಮೂರು ನಾಲ್ಕು, ಮನೆಯಲ್ಲಿ ಒಂದೂ ಇಲ್ಲ. ಮೊನ್ನೆ ಮಗಳಿಗೆ ಜ್ವರ ಬಂದಾಗ ಆಣೆ ಮುರಿದದ್ದಕ್ಕೇ ಹೀಗಾಯಿತೆಂದು ರಾತ್ರಿಯಿಡೀ ನಿದ್ದೆ ಬರಲಿಲ್ಲ. ಮನೆಯಲ್ಲಿ ಹೇಳಲೇ, ಯಾರಿಗೂ ತಿಳಿಯದಂತೆ ಮತ್ತೆ ಬಿಟ್ಟುಬಿಡಲೇ?

ಉತ್ತರ: ಮೊದಲು ಜ್ವರದ ಮಾತು. ಮಳೆಗಾಲದಲ್ಲಿ ಕರಾವಳಿಯ ಯಾವ ಮನೆಯ ಮಕ್ಕಳಿಗೆ ಜ್ವರ ಬರುವುದಿಲ್ಲ? ಅದಕ್ಕೂ ನಿಮ್ಮ ಸಿಗರೇಟಿಗೂ ಸಂಬಂಧವಿಲ್ಲ. ಆದರೆ ಆ ಆಣೆ ಒಂದು ಕೆಡುಕನ್ನು ಮಾಡಿದೆ: ಜಾರಿದ ದಿನವೇ ಹೇಳಿಕೊಳ್ಳಬಹುದಾಗಿದ್ದ ಸಣ್ಣ ಸಂಗತಿಯನ್ನು ಅದು ಬಾಯಿ ಬಿಡಲಾಗದ ಅಪರಾಧವನ್ನಾಗಿ ಮಾಡಿತು. ಮುಚ್ಚಿಟ್ಟದ್ದರಿಂದಲೇ ಒಂದು ಸಿಗರೇಟು ನಾಲ್ಕಾಯಿತು ಎಂದು ನನಗನ್ನಿಸುತ್ತದೆ.

ನಿಕೋಟಿನ್ ನಿಂತಾಗ ದೇಹ ಪಡುವ ಚಡಪಡಿಕೆ, ಸಿಡುಕು, ನಿದ್ದೆಗೇಡು ಮೊದಲ ವಾರದಲ್ಲಿ ತೀವ್ರವಾಗಿದ್ದು, ಸಾಮಾನ್ಯವಾಗಿ ಮೂರು ನಾಲ್ಕು ವಾರಗಳಲ್ಲಿ ಇಳಿಯುತ್ತದೆ. ನಿಷೇಧದ 61 ದಿನಗಳಲ್ಲಿ ನೀವು ಅದನ್ನು ದಾಟಿಯೇ ಬಂದಿದ್ದಿರಿ. ಹಾಗಾದರೆ ಎರಡನೇ ವಾರದಲ್ಲಿ ಕೈ ಚಾಚಿದ್ದು ಏಕೆ? ಬಲೆ ಬಿಟ್ಟು ಗಂಟೆಗಟ್ಟಲೆ ಕಾಯುವ ಹೊತ್ತು, ಡೀಸೆಲ್ ವಾಸನೆ, ನಡುರಾತ್ರಿಯ ಚಹಾ, ಇವುಗಳಿಗೆ ಇಪ್ಪತ್ತು ವರ್ಷಗಳಿಂದ ಸಿಗರೇಟು ಅಂಟಿಕೊಂಡಿದೆ. (ಈ ಕಸುಬಿನಲ್ಲಿ ಕೈ ಖಾಲಿ ಇರುವ ಹೊತ್ತು ಇಷ್ಟಿದೆಯೆಂದು ನಿಮ್ಮ ಪತ್ರ ಓದುವವರೆಗೆ ನನಗೆ ಹೊಳೆದಿರಲಿಲ್ಲ.) ನೀವು ದಡದಲ್ಲಿ ಬಿಟ್ಟಿದ್ದೀರಿ, ಕಡಲಿನಲ್ಲಿ ಇನ್ನೂ ಬಿಟ್ಟಿಲ್ಲ. ಆದ್ದರಿಂದ ಮನೆಯವರ ಬೆಂಬಲವೊಂದೇ ಸಾಲದು. ದೋಣಿಯಲ್ಲಿಯೂ ಒಬ್ಬರು ಬೇಕು.

ದೋಣಿ ನಡೆಸುವ ತಾಂಡೇಲರೇ ಸೇದುವವರಾದರೂ ಅಡ್ಡಿಯಿಲ್ಲ. ಅವರು ಬಿಡಲಿ ಎಂದು ಕೇಳಬೇಡಿ. ‘ನನಗೆ ಕೊಡಬೇಡಿ, ನಾನೇ ಕೇಳಿದರೂ ಕೊಡಬೇಡಿ’ ಎಂದಷ್ಟೇ, ದೋಣಿ ಹೊರಡುವ ಮೊದಲು, ಎಲ್ಲರೆದುರು ಹೇಳಿಬಿಡಿ. ಸೇದಬೇಕೆಂಬ ತುಡಿತ ಸಾಮಾನ್ಯವಾಗಿ ಕೆಲವೇ ನಿಮಿಷಗಳದ್ದು. ಆ ಹೊತ್ತಿಗೆ ಹರಿದ ಬಲೆಯ ತುದಿಯೊಂದು ಕೈಯಲ್ಲಿದ್ದರೆ ಅದು ದಾಟಿಹೋಗುತ್ತದೆ. ಆದರೆ ಬದಲಿಗೆ ಹೊಗೆಸೊಪ್ಪು ಹಾಕಿದ ಕವಳಕ್ಕೆ, ಅಂದರೆ ಎಲೆಯಡಿಕೆಗೆ, ಹೊರಳಬೇಡಿ. ನಮ್ಮ ಜಿಲ್ಲೆಯಲ್ಲಿ ಕವಳದ ತಟ್ಟೆ ಮುಂದೆ ಬಂದಾಗ ಬೇಡವೆನ್ನುವುದು ಕಷ್ಟವೇ, ಆದರೆ ಅದರಲ್ಲಿರುವುದೂ ಅದೇ ನಿಕೋಟಿನ್, ಬಾಯಿಯ ಕ್ಯಾನ್ಸರಿನ ಅಪಾಯ ಬೇರೆ.

ಸಿಗರೇಟಿನ ಪೊಟ್ಟಣದ ಮೇಲೆಯೇ ಅಚ್ಚಾಗಿರುವ 1800-11-2356 ಉಚಿತ ಸಹಾಯವಾಣಿ. ನೆಟ್‌ವರ್ಕ್ ಸಿಗದ ಕಡಲಿನಿಂದ ಅದಕ್ಕೆ ಕರೆ ಮಾಡಲಾಗದು, ಆದ್ದರಿಂದ ದಡದಲ್ಲಿರುವಾಗಲೇ ಮಾತಾಡಿ. ನಿಕೋಟಿನ್ ಚ್ಯೂಯಿಂಗ್ ಗಮ್ ನಿಮಗೆ ಹೊಂದುವುದೇ, ಎಷ್ಟು ಪ್ರಮಾಣದ್ದು ಎಂದು ವೈದ್ಯರನ್ನು ಕೇಳಿ. ಅದನ್ನು ಕವಳದಂತೆ ಒಂದೇ ಸಮನೆ ಅಗಿಯಬಾರದು. ನಾಲ್ಕಾರು ಸಲ ನಿಧಾನವಾಗಿ ಅಗಿದು ಖಾರವೆನಿಸಿದಾಗ ದವಡೆಯ ಬದಿಗೆ ಇರಿಸಿಕೊಳ್ಳಬೇಕು, ಚಹಾ ಕುಡಿದ ತಕ್ಷಣ ಬಾಯಿಗೆ ಹಾಕಿಕೊಳ್ಳಬಾರದು.

ಇನ್ನು ನಿಮ್ಮ ಪ್ರಶ್ನೆ. ಹೇಳಿ. ಮೊದಲು ಭಾವನವರಿಗೆ, ಏಕೆಂದರೆ ಅವರು ಅದೇ ಹಾದಿಯಲ್ಲಿ ನಡೆಯುತ್ತಿರುವವರು, ಮತ್ತು ಅವರೂ ಎಲ್ಲೋ ಒಮ್ಮೆ ಜಾರಿ ಸುಮ್ಮನಿದ್ದರೆ ನನಗೆ ಆಶ್ಚರ್ಯವಾಗದು. ಆಮೇಲೆ, ಅದೇ ದಿನ, ಹೆಂಡತಿಗೆ. ಅವರು ಸಿಟ್ಟಾಗುತ್ತಾರೆ, ಅಳಲೂಬಹುದು. ಆ ಹೊತ್ತಿನಲ್ಲಿ ಸಮಜಾಯಿಷಿ ಕೊಡಬೇಡಿ, ಹೊಸ ಆಣೆಯನ್ನಂತೂ ಮಾಡಲೇಬೇಡಿ. ದಡಕ್ಕೆ ಬಂದ ಪ್ರತಿ ಸಲ ‘ಈ ಸಲ ಎಷ್ಟು?’ ಎಂದು ಕೇಳುವಂತೆಯೂ, ಉತ್ತರ ಏನೇ ಬಂದರೂ ಆ ದಿನ ಜಗಳ ತೆಗೆಯದಂತೆಯೂ ಕೇಳಿಕೊಳ್ಳಿ. ಮಗಳಿಗೆ ಆ ಆಣೆಯ ನೆನಪಿದ್ದರೆ, ತನ್ನ ಜ್ವರಕ್ಕೂ ಅದಕ್ಕೂ ಸಂಬಂಧವಿಲ್ಲವೆಂದು ಅವಳಿಗೆ ಹೇಳಿ, ತಾಯಿಯ ಎದುರಿನಲ್ಲೇ ಅದನ್ನು ಅವಳ ತಲೆಯ ಮೇಲಿಂದ ಇಳಿಸಿಬಿಡಿ.